ಭಾನುವಾರ ಮಾತ್ರೆ ಮೊದಲು, ಕಾಫಿ ಆಮೇಲೆ

ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮೂರು ವರ್ಷದ ಹಿಂದೆ, ಆಗಸ್ಟ್ ಮಳೆಯಲ್ಲಿ, ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಕೈ ಊರಿ ಬಿದ್ದೆ. ಮಣಿಕಟ್ಟು ಮುರಿಯಿತು. ಆಗ ನನಗೆ 55, ಮುಟ್ಟು ನಿಂತು ಆರು ವರ್ಷ. ಮೊದಲು ತೋರಿಸಿದ ಕಡೆ ಕಟ್ಟು ಹಾಕಿ, ಕ್ಯಾಲ್ಸಿಯಂ ಮಾತ್ರೆ ಬರೆದು ಕಳಿಸಿದರು. ಇಷ್ಟಕ್ಕೇ ಮೂಳೆ ಯಾಕೆ ಮುರಿಯಿತು ಅಂತ ಯಾರೂ ಕೇಳಲಿಲ್ಲ. ನಿಮಗೂ ಹೀಗಾದರೆ ನೀವೇ ಕೇಳಿ.

ನಮ್ಮವ್ವನ ಬೆನ್ನು ಬಾಗಿದ್ದು ವಯಸ್ಸಿನಿಂದ ಅಂದುಕೊಂಡಿದ್ದೆವು. ಬೆನ್ನಿನ ಮೂಳೆ ಒಳಗೊಳಗೇ ಕುಸಿದಿತ್ತು ಅಂತ ಈಗ ಅನಿಸುತ್ತದೆ. ಮುಟ್ಟು ನಿಂತಾಗ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಇಳಿಯುತ್ತದೆ. ಮೂಳೆ ಸವೆಯುವುದು ಜಾಸ್ತಿಯಾಗುತ್ತದೆ, ಕಟ್ಟುವುದು ಹಿಂದೆ ಬೀಳುತ್ತದೆ. ಮೊದಲ ಕೆಲವು ವರ್ಷ ಈ ಸವೆತ ತುಂಬಾ ಜೋರು. ಕ್ಯಾಲ್ಸಿಯಂ ಬೇಕೇ ಬೇಕು, ಆದರೆ ಅದೊಂದೇ ಇದನ್ನು ತಡೆಯುವುದಿಲ್ಲ.

ಶಿರಾಡಿ ಘಾಟಿ ಇಳಿದು ಮಂಗಳೂರಿನಲ್ಲಿ ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆ. ಸುಮ್ನೆ ಮಲಗಿದರಾಯಿತು, ನೋವಿಲ್ಲ. ಅದರಲ್ಲಿ ಬರುವ ಅಂಕಿ ಟಿ-ಸ್ಕೋರ್. ಅದು ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ತೆಳುವಾಗುತ್ತಿದೆ ಅಂತ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆದು ಸುಲಭವಾಗಿ ಮುರಿಯುವ ಕಾಯಿಲೆ. ನನ್ನದು ಮೈನಸ್ 2.8. ಮೂಳೆ ಸವೆತ ತಡೆಯುವ ಔಷಧಿಗೆ ಮುಂಚೆ ರಕ್ತದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ, ಕಿಡ್ನಿಯ ಕ್ರಿಯಾಟಿನಿನ್ ನೋಡಿದರು. ಹಲ್ಲು ಕೀಳಿಸುವುದಿದ್ದರೆ ಈಗಲೇ ಮುಗಿಸಿ ಅಂದರು. ಅಪರೂಪಕ್ಕೆ ಈ ಔಷಧಿಗಳಿಂದ ದವಡೆ ಮೂಳೆಗೆ ತೊಂದರೆಯಾಗುತ್ತದಂತೆ.

ನನಗೆ ಕೊಟ್ಟದ್ದು ಅಲೆಂಡ್ರೊನೇಟ್ 70 ಮಿ.ಗ್ರಾಂ, ವಾರಕ್ಕೆ ಒಂದೇ ಮಾತ್ರೆ. ನಮ್ಮ ಕಡೆಯವರು ತಪ್ಪುವುದು ಇಲ್ಲೇ. ಎದ್ದ ಕೂಡಲೇ ನಮಗೆ ಕಾಫಿ ಬೇಕು, ಅಲ್ವಾ? ಖಾಲಿ ಹೊಟ್ಟೆಯಲ್ಲಿ ನುಂಗಿದರೂ ಈ ಮಾತ್ರೆಯ ನೂರರಲ್ಲಿ ಒಂದು ಪಾಲೂ ಮೈಗೆ ಹತ್ತುವುದಿಲ್ಲ. ಕಾಫಿ ಜೊತೆ ಹೋದರೆ ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ದಂಡ. ಅದಕ್ಕೇ ಭಾನುವಾರ ನಾನು ಒಲೆ ಹಚ್ಚುವ ಮೊದಲೇ ಮಾತ್ರೆ ನುಂಗುತ್ತೇನೆ. ಒಂದು ದೊಡ್ಡ ಲೋಟ ತುಂಬಾ ಬರೀ ನೀರು. ಮಾತ್ರೆ ಚೀಪಬಾರದು, ಅಗಿಯಬಾರದು. ಆಮೇಲೆ ಕನಿಷ್ಠ 30 ನಿಮಿಷ ಮಲಗಬಾರದು, ಏನೂ ತಿನ್ನಬಾರದು. ಮಲಗಿದರೆ ಮಾತ್ರೆ ಮೇಲೆ ಬಂದು ಅನ್ನನಾಳ ಸುಟ್ಟಂತಾಗುತ್ತದೆ. ನಾನು ಆ ಹೊತ್ತಲ್ಲಿ ಹೂವಿನ ಗಿಡ ನೋಡಿಕೊಂಡು ಬರುತ್ತೇನೆ. ಮರೆತರೆ ಮಾರನೇ ದಿನ ಬೆಳಿಗ್ಗೆ ತಗೊಳ್ಳಿ, ಮುಂದಿನ ವಾರ ಮತ್ತೆ ನಿಮ್ಮ ಮಾಮೂಲಿ ದಿನಕ್ಕೇ ಬನ್ನಿ. ಒಂದೇ ದಿನ ಎರಡು ಬೇಡ. ನುಂಗುವಾಗ ನೋವು ಅಥವಾ ತೊಡೆಯಲ್ಲಿ ಹೊಸದಾಗಿ ನೋವು ಬಂದರೆ ಡಾಕ್ಟರಿಗೆ ಹೇಳಲೇಬೇಕು. ಕ್ಯಾಲ್ಸಿಯಂ ಮಾತ್ರೆ ಇದರ ಜೊತೆ ಸೇರಬಾರದು. ನಾನು ಮಧ್ಯಾಹ್ನ ಊಟದ ನಂತರ ತಗೊಳ್ಳುತ್ತೇನೆ.

ಹೊಟ್ಟೆಗೆ ಆಗದವರಿಗೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೋಲೆಡ್ರಾನಿಕ್ ಆಸಿಡ್ ಇದೆ. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಇಂಜೆಕ್ಷನ್ನೂ ಇದೆ. ಇದರ ಬಗ್ಗೆ ಒತ್ತಿ ಹೇಳುತ್ತೇನೆ: ತಾರೀಕು ತಪ್ಪಿಸಬೇಡಿ, ನೀವೇ ನಿಲ್ಲಿಸಬೇಡಿ. ನಿಲ್ಲಿಸಿದರೆ ಮೂಳೆ ಬೇಗ ಸವೆದು ಬೆನ್ನುಮೂಳೆ ಒಂದರ ಹಿಂದೆ ಒಂದು ಮುರಿಯಬಹುದು. ಬಿಡಬೇಕಾದರೆ ಅದರ ಬದಲಿಗೆ ಬೇರೆ ಔಷಧಿ ಶುರು ಮಾಡಬೇಕು.

ಹಾಸನದಲ್ಲಿರುವ ನನ್ನ ತಂಗಿಗೆ 50. ರಾತ್ರಿ ಮೈ ಕಾದು ಬೆವರಿ ನಿದ್ದೆ ಇರಲಿಲ್ಲ. ಅವಳಿಗೆ ಹಾರ್ಮೋನ್ ಕೊಟ್ಟರು: ಈಸ್ಟ್ರೋಜನ್ ಜೆಲ್, ಗರ್ಭಕೋಶ ಇರುವುದರಿಂದ ಪ್ರೊಜೆಸ್ಟರಾನ್ ಸಹ. ಬರೀ ಈಸ್ಟ್ರೋಜನ್ ಆದರೆ ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಬರುವ ಅಪಾಯವಿದೆ. ಬೆವರೂ ನಿಂತಿತು, ಮೂಳೆಗೂ ಕಾವಲು. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಹಾರ್ಮೋನ್ ತಗೊಂಡವರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಜಾಸ್ತಿ ಅಂತ ಹೇಳಿದ ಮೇಲೆ ಎಲ್ಲರೂ ಹೆದರಿದರು. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63. ಅದರಲ್ಲೇ ಸೊಂಟದ ಮೂಳೆ ಮುರಿಯುವುದು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. 60 ದಾಟಿಲ್ಲ, ಅಥವಾ ಮುಟ್ಟು ನಿಂತು 10 ವರ್ಷ ಆಗಿಲ್ಲ ಅಂದರೆ ಕೇಳಿ ನೋಡಬಹುದು. ಸ್ತನ ಕ್ಯಾನ್ಸರ್, ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಇದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಬಿಟ್ಟ ಮೇಲೆ ಮೂಳೆ ಮತ್ತೆ ಸವೆಯುತ್ತದೆ, ಆಗ ಏನು ಅಂತ ಮೊದಲೇ ಮಾತಾಡಿಕೊಳ್ಳಿ.

ಮಲೆನಾಡಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೆಲ್ಲಿ? ನನ್ನ ವಿಟಮಿನ್ ಡಿ ತೀರಾ ಕಡಿಮೆ ಇತ್ತು, 60,000 ಯೂನಿಟ್ಟಿನ ಪುಡಿ ವಾರಕ್ಕೊಂದರಂತೆ ಎಂಟು ವಾರ ಕೊಟ್ಟರು. ಅದನ್ನು ನಾವೇ ಮೆಡಿಕಲ್‌ನಿಂದ ತಂದು ಮುಂದುವರಿಸಬಾರದು, ಜಾಸ್ತಿಯಾದರೂ ಕೆಡುಕು. ಅಕ್ಕಿ ರೊಟ್ಟಿ ಬಿಟ್ಟಿಲ್ಲ, ಆದರೆ ರಾತ್ರಿಗೆ ರಾಗಿ ಮುದ್ದೆ. ಅಂಗಳದ ಪಾಚಿ ಉಜ್ಜಿಸಿ, ಮೆಟ್ಟಿಲಿಗೆ ಕಂಬಿ ಹಾಕಿಸಿದೆವು.

ಈ ಅಕ್ಟೋಬರಿನಲ್ಲಿ, ಹಣ್ಣು ಕೊಯ್ಲಿಗೆ ಮುಂಚೆ, ಮತ್ತೆ ಸ್ಕ್ಯಾನ್. ಅದೇ ಜಾಗದಲ್ಲಿ, ಅದೇ ಮೆಷಿನ್ನಿನಲ್ಲಿ ಮಾಡಿಸುತ್ತೇನೆ. ಮೆಷಿನ್ ಬದಲಾದರೆ ಹಳೇ ಅಂಕಿಗೂ ಹೊಸದಕ್ಕೂ ತಾಳೆ ಹಾಕಲು ಬರುವುದಿಲ್ಲ.