ಶೇ 30 ಚಾರ್ಜ್ ಇದ್ದರೂ ಲ್ಯಾಪ್‌ಟಾಪ್ ಪಟ್ಟನೆ ಆಫ್ ಆಗುತ್ತಿದೆಯಾ?

ಚಾರ್ಜರ್ ಹಾಕಿದ್ದರೆ ಲ್ಯಾಪ್‌ಟಾಪ್ ಇಡೀ ದಿನ ಓಡುತ್ತದೆ. ಕಿತ್ತ ಸ್ವಲ್ಪ ಹೊತ್ತಿಗೆ, ಅದೂ ಶೇ 30 ಚಾರ್ಜ್ ತೋರಿಸುತ್ತಿರುವಾಗಲೇ, ಯಾವ ಎಚ್ಚರಿಕೆಯೂ ಇಲ್ಲದೆ ಆಫ್. ಇಂಥ ಹೊತ್ತಲ್ಲಿ ಎಷ್ಟೋ ಜನ ಸೀದಾ ವಿಂಡೋಸ್ ಫಾರ್ಮ್ಯಾಟ್ ಮಾಡಿಸಿಬಿಡುತ್ತಾರೆ. ಬೇಡ. ಸುಮ್ನೆ ಅರ್ಧ ದಿನ ಹಾಳು, ಫೈಲುಗಳೂ ಹೋಗಬಹುದು, ತೊಂದರೆ ಮಾತ್ರ ಹಾಗೇ ಉಳಿಯುತ್ತದೆ. ಜಾಸ್ತಿ ಸಲ ತಪ್ಪು ಬ್ಯಾಟರಿಯದೇ.

ಮೊದಲು ಲ್ಯಾಪ್‌ಟಾಪನ್ನು ಮುಚ್ಚಿ ಮೇಜಿನ ಮೇಲಿಡಿ. ಅಲುಗಾಡುತ್ತದೆಯಾ? ಟಚ್‌ಪ್ಯಾಡ್ ಮೇಲೆದ್ದಿದೆಯಾ? ತಳ ಉಬ್ಬಿದೆಯಾ? ಹಾಗಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಇನ್ನು ಯಾವ ಪರೀಕ್ಷೆಯೂ ಬೇಡ. ಚಾರ್ಜ್‌ಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಆಫ್ ಮಾಡಿ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಊದಿಲ್ಲ ಅಂದರೆ, ಹೇಗೆ ಆಫ್ ಆಗುತ್ತದೆ ಅನ್ನುವುದನ್ನು ಗಮನಿಸಿ. ಮತ್ತೆ ಆನ್ ಮಾಡಿದಾಗ ತೆರೆದಿದ್ದ ಫೈಲುಗಳೆಲ್ಲ ಹಾಗೇ ಸಿಕ್ಕರೆ ಅದು ಹೈಬರ್ನೇಟ್ ಆಗಿದೆ, ಅಂದರೆ ಕೆಲಸವನ್ನೆಲ್ಲ ಡಿಸ್ಕಿನಲ್ಲಿ ಉಳಿಸಿಟ್ಟು ತಾನೇ ಆಫ್ ಆಗಿದೆ ಎಂದರ್ಥ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ 'ಕ್ರಿಟಿಕಲ್ ಬ್ಯಾಟರಿ ಲೆವೆಲ್' ಎಷ್ಟಿದೆ ನೋಡಿ. ಸಾಮಾನ್ಯವಾಗಿ ಶೇ 5ರ ಆಸುಪಾಸು ಇರುವ ಅದನ್ನು ಯಾರಾದರೂ 25ಕ್ಕೋ 30ಕ್ಕೋ ಏರಿಸಿದ್ದರೆ, ಇಳಿಸಿದರೆ ಮುಗೀತು. ಬಿಸಿಯಾಗಿ ಆಫ್ ಆಗುತ್ತಿದೆ ಎಂಬ ಅನುಮಾನವೂ ಇರಬಹುದು. ಆದರೆ ಬಿಸಿಯ ತೊಂದರೆಯಾಗಿದ್ದರೆ ಚಾರ್ಜರ್ ಹಾಕಿದಾಗಲೂ ಬರಬೇಕಿತ್ತು, ಅಲ್ವಾ?

ಈಗ ಬ್ಯಾಟರಿಯ ಜಾತಕ ತೆಗೆಯೋಣ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷಿನಲ್ಲಿ ಪವರ್ ಎಂದು ಬರೆದು, ಜಾಗ ಬಿಡದೆ ಸಿ, ಎಫ್, ಜಿ ಅಕ್ಷರ ಸೇರಿಸಿ. ಆಮೇಲೆ ಒಂದು ಸ್ಪೇಸ್, ಒಂದು ಓರೆಗೆರೆ (/), ಅದಕ್ಕೆ ಅಂಟಿಸಿ ಬ್ಯಾಟರಿರಿಪೋರ್ಟ್ ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ವರದಿ ಯಾವ ಫೋಲ್ಡರಿನಲ್ಲಿದೆ ಎಂದು ಅಲ್ಲೇ ತೋರಿಸುತ್ತದೆ, ಬ್ರೌಸರಿನಲ್ಲಿ ತೆರೆಯಿರಿ. 'ಡಿಸೈನ್ ಕೆಪಾಸಿಟಿ' ಅಂದರೆ ಹೊಸದಿದ್ದಾಗಿನ ಶಕ್ತಿ, 'ಫುಲ್ ಚಾರ್ಜ್ ಕೆಪಾಸಿಟಿ' ಅಂದರೆ ಈಗ ಪೂರ್ತಿ ತುಂಬಿದರೆ ಹಿಡಿಯುವುದು. ಮೊದಲನೆಯದು 41,000 mWh (ಮಿಲಿವ್ಯಾಟ್-ಅವರ್) ಇದ್ದು ಎರಡನೆಯದು 18,000ಕ್ಕೆ ಇಳಿದಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಕೆಳಗೆ 'ರೀಸೆಂಟ್ ಯೂಸೇಜ್' ಪಟ್ಟಿಯನ್ನೂ ಓದಿ. ಅಲ್ಲಿ ಶೇಕಡಾವಾರು ಮೆಲ್ಲಗೆ ಇಳಿಯದೆ 38ರಿಂದ 7ಕ್ಕೆ ಧುಮುಕಿದ್ದರೂ ಬ್ಯಾಟರಿಯ ಮೇಲೇ ಅನುಮಾನ.

ಶೇ 30 ಇದ್ದೂ ಯಾಕೆ ಸಾಯುತ್ತದೆ? ಆ ಅಂಕಿ ಒಂದು ಅಂದಾಜು ಅಷ್ಟೇ. ಒಳಗೆ ಮೂರೋ ನಾಲ್ಕೋ ಲಿಥಿಯಂ ಸೆಲ್‌ಗಳು ಸಾಲಾಗಿ ಜೋಡಿಸಿರುತ್ತವೆ, ಪೂರ್ತಿ ತುಂಬಿದಾಗ ಒಂದೊಂದರಲ್ಲಿ ಸುಮಾರು 4.2 ವೋಲ್ಟ್. ಹಳತಾದಂತೆ ಸೆಲ್‌ನ ಒಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಏರುತ್ತದೆ. ಆಗ ವಿಡಿಯೊ ಕಾಲ್‌ನಂಥ ಭಾರದ ಕೆಲಸಕ್ಕೆ ಪ್ರೊಸೆಸರ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆದರೆ ವೋಲ್ಟೇಜ್ ಕುಸಿಯುತ್ತದೆ. ಸಾಲಿನಲ್ಲಿ ಒಂದೇ ಸೆಲ್ ದುರ್ಬಲವಾಗಿದ್ದರೂ ಸಾಕು, ರಕ್ಷಣೆಗೆಂದು ಇರುವ ಸರ್ಕ್ಯೂಟ್ ಪೂರ್ತಿ ಬ್ಯಾಟರಿಯನ್ನೇ ಕಡಿದುಬಿಡುತ್ತದೆ. ಹಾಗಾಗಿ ವಿಂಡೋಸ್‌ಗೆ ಎಚ್ಚರಿಕೆ ಕೊಡಲೂ ಪುರುಸೊತ್ತಿಲ್ಲ.

ಇನ್ನೂ ಅನುಮಾನವಿದ್ದರೆ ಚಾರ್ಜರ್ ಕಿತ್ತು ಬಯಾಸ್ (ವಿಂಡೋಸ್‌ಗೂ ಮೊದಲೇ ತೆರೆಯಬಹುದಾದ ಸೆಟ್ಟಿಂಗ್ಸ್) ಪರದೆ ತೆರೆದು ಹಾಗೇ ಬಿಡಿ. ವಿಂಡೋಸ್ ಅಲ್ಲಿ ಇರುವುದೇ ಇಲ್ಲ. ಅಲ್ಲೂ ಬೇಗ ಆಫ್ ಆದರೆ ಹಾರ್ಡ್‌ವೇರ್ ತೊಂದರೆ ಅನ್ನುವುದು ಖಚಿತ. ಆಗದಿದ್ದರೆ ಮಾತ್ರ ಬ್ಯಾಟರಿ ಚೆನ್ನಾಗಿದೆ ಎಂದುಕೊಳ್ಳಬೇಡಿ, ಅಲ್ಲಿ ಅದರ ಮೇಲೆ ಭಾರ ಕಡಿಮೆ.

ವರದಿಯಲ್ಲಿ ಶಕ್ತಿ ಚೆನ್ನಾಗಿಯೇ ಉಳಿದಿದ್ದರೆ ಒಮ್ಮೆ ಕ್ಯಾಲಿಬ್ರೇಟ್ ಮಾಡಿ: ಪೂರ್ತಿ ಚಾರ್ಜ್ ಮಾಡಿ, ಕೆಲಸವೆಲ್ಲ ಸೇವ್ ಮಾಡಿಟ್ಟು, ತಾನಾಗಿ ಆಫ್ ಆಗುವವರೆಗೆ ಓಡಿಸಿ, ಮತ್ತೆ ನಡುವೆ ಕೀಳದೆ ತುಂಬಿಸಿ. ಅಂಕಿ ಸರಿಹೋಗಬಹುದು, ಹೋದ ಶಕ್ತಿ ವಾಪಸ್ ಬರದು. ಹೊಸ ಬ್ಯಾಟರಿ ಬರುವ ತನಕ ಪವರ್ ಸೇವರ್ ಹಾಕಿ, ಪರದೆಯ ಬೆಳಕು ತಗ್ಗಿಸಿ. ಪವರ್ ಆಪ್ಷನ್ಸ್‌ನಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಕಾಣಿಸಿದರೆ, ಆನ್ ಬ್ಯಾಟರಿ ಅನ್ನುವಲ್ಲಿ 99 ಮಾಡಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಆಗಾಗ ಏರಿಸಿಕೊಳ್ಳುವ ಟರ್ಬೊ ವೇಗ ನಿಂತು ಕರೆಂಟ್ ಎಳೆತ ಕಡಿಮೆಯಾಗುತ್ತದೆ.

ಬ್ಯಾಟರಿ ಕೊಳ್ಳುವಾಗ ಲ್ಯಾಪ್‌ಟಾಪ್ ಹೆಸರು ಹೇಳಿದರೆ ಸಾಲದು. ಹಳೆಯದರ ಮೇಲಿನ ಪಾರ್ಟ್ ನಂಬರ್, ವೋಲ್ಟೇಜ್ ಎರಡನ್ನೂ ಹೊಂದಿಸಿ, ಬಿಲ್ ಕೇಳಿ ಪಡೆಯಿರಿ. ಅಗ್ಗದ ಡೂಪ್ಲಿಕೇಟ್ ನನ್ನ ಪ್ರಕಾರ ದಂಡ. ಹೊಸ ಒರಿಜಿನಲ್ ಬ್ಯಾಟರಿ ಹಾಕಿದ ಮೇಲೂ ಆಫ್ ಆಗುತ್ತಿದ್ದರೆ ಕನೆಕ್ಟರ್ ಅಥವಾ ಮದರ್‌ಬೋರ್ಡಿನ ಪವರ್ ಸರ್ಕ್ಯೂಟ್ ನೋಡಿಸಬೇಕು. ಅದು ಮನೆಯಲ್ಲಿ ಆಗುವ ಕೆಲಸವಲ್ಲ, ಚಿಪ್ ಲೆವೆಲ್ ಸರ್ವಿಸ್ ಮಾಡುವವರನ್ನೇ ಹುಡುಕಿ, ರೇಟು ಮೊದಲೇ ಕೇಳಿಕೊಳ್ಳಿ.