ಎ.ಕೆ. ಅಂದ್ರೆ ಇನಿಶಿಯಲ್ ಅಲ್ಲ

ದೊಡ್ಡ ಕಾರ್ಪೊರೇಟ್ ಲಾ ಫರ್ಮ್ ಸೇರಿದಾಗ ಊರಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಕೋರ್ಟು?" ಕೋರ್ಟಿಗೆ ನಾನು ಹೋದದ್ದೇ ಅಪರೂಪ. ನಮ್ಮ ಕೆಲಸ ಓದುವುದು. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವ ಮುಂಚೆ ಅದರ ಸಾಲ, ಒಪ್ಪಂದ, ಲೈಸೆನ್ಸು, ಕೇಸು, ಜಮೀನು ಎಲ್ಲ ಓದಿ, ಹುಳುಕು ಎಲ್ಲಿದೆ ಅಂತ ಹೇಳಬೇಕು. ಇದೇ ಡ್ಯೂ ಡಿಲಿಜೆನ್ಸ್. ಆರು ನಿಮಿಷಕ್ಕೊಂದು ಯೂನಿಟ್ ಲೆಕ್ಕದಲ್ಲಿ ಟೈಮ್‌ಶೀಟ್ ತುಂಬಬೇಕು. ಕಾಫಿಗೆ ಎದ್ದರೂ ಎರಡು ಯೂನಿಟ್ ಹೋಯ್ತಲ್ಲ ಅನ್ನಿಸುತ್ತದೆ.

2024ರಲ್ಲಿ ವಿದೇಶಿ ಕಂಪನಿಯೊಂದು ಬೆಂಗಳೂರಿನ ಹೊರಗಿನ ಒಂದು ಕಾರ್ಖಾನೆಯ ಶೇರುಗಳನ್ನೆಲ್ಲ ಕೊಳ್ಳಲು ಬಂತು. ಟ್ಯಾಕ್ಸ್, ಕಾರ್ಮಿಕ ಕಾನೂನು, ಕಾಂಪಿಟಿಷನ್ ಕಾನೂನು, ಎಲ್ಲದಕ್ಕೂ ನಮ್ಮಲ್ಲಿ ಬೇರೆ ಬೇರೆ ತಜ್ಞರು. ಕನ್ನಡದ ಹಳೇ ಕೈಬರಹ ಓದಲು ಬರುತ್ತಿದ್ದದ್ದು ಮಾತ್ರ ನನಗೊಬ್ಬಳಿಗೇ. ಜಮೀನಿನ ಕಾಗದಗಳಿಗೆ ಇಂಗ್ಲಿಷ್ ಅನುವಾದ ಇತ್ತು. ಮೂಲ ಯಾಕೆ ಬೇಕು ಅಂದರು ಸೀನಿಯರ್. ಸುಮ್ನೆ ಒಂದು ಸಲ ನೋಡ್ತೀನಿ ಅಂದೆ.

ಜಮೀನು ಯಾರ ಹೆಸರಿಗೆ ಬದಲಾಯಿತು ಅಂತ ಬರೆದಿಡುವ ಹಳೇ ಮ್ಯುಟೇಷನ್ ಪುಟ, ಮಸುಕು ಶಾಯಿ. ಅನುವಾದದಲ್ಲಿ "ಅರ್ಜಿಯ ಮೇರೆಗೆ ಹೆಸರಿಗೆ ಬಂದಿದೆ" ಎಂದಿತ್ತು. ಮೂಲದಲ್ಲಿದ್ದದ್ದು "ದರಖಾಸ್ತು". ನಿಘಂಟಿನಲ್ಲಿ ಅದು ಅರ್ಜಿಯೇ. ಆದರೆ ತಾಲ್ಲೂಕು ಕಚೇರಿಯಲ್ಲಿ ದರಖಾಸ್ತು ಜಮೀನು ಅಂದರೆ ಸರ್ಕಾರ ಮಂಜೂರು ಮಾಡಿದ್ದು. ಹೆಸರಿನ ಹಿಂದೆ ಎ.ಕೆ. ಅಂತ ಎರಡು ಅಕ್ಷರ. ಅನುವಾದಕರು ಅದನ್ನು ಇನಿಶಿಯಲ್ ಅಂದುಕೊಂಡಿದ್ದರು. ಅದು ಆದಿ ಕರ್ನಾಟಕ, ಪರಿಶಿಷ್ಟ ಜಾತಿ.

ನನ್ನ ಕಾಫಿ ಆರಿಹೋಯಿತು.

ಪರಿಶಿಷ್ಟ ಜಾತಿ, ಪಂಗಡದವರ ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ, ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಆ ಕ್ರಯವೇ ಅಸಿಂಧು. ಈ ಎರಡು ಎಕರೆ ಕೈ ಬದಲಾಯಿಸಿದ್ದು ತೊಂಬತ್ತರ ದಶಕದಲ್ಲಿ. ಅನುಮತಿ ಪತ್ರ ಎಲ್ಲೂ ಇರಲಿಲ್ಲ. ಮೂಲ ಕುಟುಂಬ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಜಮೀನು ವಾಪಸ್ ಕೇಳಬಹುದು. ಇಷ್ಟು ವರ್ಷ ಸುಮ್ಮನಿದ್ದು ಈಗ ಕೇಳುವುದೇ ಅಂತ ಸುಪ್ರೀಂ ಕೋರ್ಟ್ ಹಿಂದೆ ಕೆಲವು ಅರ್ಜಿಗಳನ್ನು ತಳ್ಳಿತ್ತು. 2023ರ ತಿದ್ದುಪಡಿ ಕಾಲಮಿತಿಯೇ ಇಲ್ಲ ಅಂದಿತು. ನಮ್ಮ ರಿಪೋರ್ಟಿನಲ್ಲಿ ಇದು ಬರೀ "ರಿಸ್ಕ್". ಆ ಮನೆಯವರಿಗೆ ಅದು ಎರಡು ಎಕರೆ. ಇದನ್ನು ಬರೆಯಲು ರಿಪೋರ್ಟಿನಲ್ಲಿ ಜಾಗ ಇರುವುದಿಲ್ಲ, ಅಲ್ವಾ?

ಶೇರು ಕೊಂಡರೆ ಕಂಪನಿಯ ತಕರಾರುಗಳೂ ಜೊತೆಗೇ ಬರುತ್ತವೆ. ಆ ತುಂಡನ್ನು ಬೇರೆ ಮಾಡಿ ಮಾರೋಣ ಎಂದರೆ ಅದೂ ಇನ್ನೊಂದು ವರ್ಗಾವಣೆ. ವಿಮೆ ಮಾಡಿಸೋಣ ಅಂದರು ಕ್ಲೈಂಟ್. ಗೊತ್ತಿರುವ ದೋಷಕ್ಕೆ ವಿಮೆ ಸಿಗುವುದಿಲ್ಲ. ಐದು ವರ್ಷ ಬೆಲೆಯ ಒಂದು ಪಾಲನ್ನು ಎಸ್ಕ್ರೋನಲ್ಲಿ, ಅಂದರೆ ಮೂರನೆಯವರ ಕೈಯಲ್ಲಿ, ಹಿಡಿದಿಡೋಣ ಅಂದರು. ವಿದೇಶಿ ಖರೀದಿದಾರರಿಗೆ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮ ಹೀಗೆ ಹಿಡಿದಿಡಲು ಬಿಡುವುದು ಬೆಲೆಯ ಶೇ. 25ರವರೆಗೆ, ಅದೂ 18 ತಿಂಗಳಿಗೆ ಮಾತ್ರ. ಆ ಕಡೆ ಕಾಲಮಿತಿಯೇ ಇಲ್ಲದ ಕ್ಲೇಮು, ಈ ಕಡೆ ಹದಿನೆಂಟು ತಿಂಗಳು. ಮೂರು ರಾತ್ರಿ ಇದೇ ವಾದ.

ಕೊನೆಗೆ ಬೆಲೆಯನ್ನೇ ಇಳಿಸಿದರು. ಆ ಎರಡು ಎಕರೆಯಲ್ಲಿದ್ದದ್ದು ಪಾರ್ಕಿಂಗ್. ಹೊಸದೇನೂ ಅಲ್ಲಿ ಕಟ್ಟಬೇಡಿ ಅಂತ ಬರೆದುಕೊಟ್ಟೆವು. ಆ ಪುಟ ಓದಿದ ದಿನ ನಾನು ಟೈಮ್‌ಶೀಟ್‌ನಲ್ಲಿ ಹಾಕಿದ್ದು ಮೂರು ಯೂನಿಟ್. ಕ್ಲೈಂಟ್ ಅದರಲ್ಲೂ ಡಿಸ್ಕೌಂಟ್ ಕೇಳಿದರು.