ಓಟಿಜಿ (ಓವನ್-ಟೋಸ್ಟರ್-ಗ್ರಿಲ್ಲರ್) ಸರಿಯಾಗಿ ಕಾಯುತ್ತಿಲ್ಲವೇ? ಸ್ಕ್ರೂ ಬಿಚ್ಚುವ ಮೊದಲು ಇಷ್ಟು ನೋಡಿ

ಕೇಕ್ ಮುಕ್ಕಾಲು ಗಂಟೆ ಒಳಗಿದ್ದರೂ ನಡುವೆ ಹಸಿ. ಬಿಸ್ಕತ್ತಿನ ಬುಡ ಸೀದಿದೆ, ಮೇಲ್ಭಾಗ ಬಿಳಿಚಿಕೊಂಡಿದೆ. ಇಂಥ ದೂರಿಗೆ ಎಲ್ಲರ ಮೊದಲ ಮಾತು ‘ಕಾಯಿಲ್ ಹೋಗಿದೆ’, ಅಂದರೆ ಒಳಗೆ ಕಾಯುವ ರಾಡ್ ಕೆಟ್ಟಿದೆ. ಆದರೆ ಕಾಯಿಲ್ ಹೋದರೆ ಪೂರ್ತಿ ಹೋಗುತ್ತದೆ, ದಿನದಿನಕ್ಕೆ ಸೊರಗುವುದು ಬಲು ಅಪರೂಪ. ಓವನ್ ಕಾಯುತ್ತದೆ, ಆದರೆ ಸಾಲದು ಎಂದಾದರೆ ಹುಡುಕಾಟವನ್ನು ಗೋಡೆಯ ಸಾಕೆಟ್‌ನಿಂದ ಶುರುಮಾಡಿ.

ಅದಕ್ಕೂ ಮೊದಲು ಗುಬ್ಬಿಗಳು, ಅಂದರೆ ತಿರುಗಿಸುವ ನಾಬ್‌ಗಳು. ಟೈಮರ್ ಸೊನ್ನೆಯಲ್ಲಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ಕರೆಂಟ್ ಒಳಗೆ ಹೋಗುವುದಿಲ್ಲ. ಸ್ಪ್ರಿಂಗ್ ಟೈಮರನ್ನು ಐದು ನಿಮಿಷಕ್ಕೆ ಇಡಬೇಕಿದ್ದರೂ ಒಮ್ಮೆ ಹತ್ತು ದಾಟಿಸಿ ಹಿಂದಕ್ಕೆ ತನ್ನಿ, ಇಲ್ಲದಿದ್ದರೆ ಸ್ಪ್ರಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಮೇಲಿನ ರಾಡ್, ಕೆಳಗಿನ ರಾಡ್, ಎರಡೂ ಎಂದು ಆರಿಸುವ ಗುಬ್ಬಿ ಎರಡು ಗುರುತುಗಳ ನಡುವೆ ನಿಂತಿದ್ದರೂ ಹೀಗೇ ಆಗುತ್ತದೆ.

ಈಗ ಸಾಕೆಟ್. 1500 ವ್ಯಾಟ್‌ನ ಓಟಿಜಿ 230 ವೋಲ್ಟ್‌ನಲ್ಲಿ ಸುಮಾರು 6.5 ಆಂಪಿಯರ್ ಎಳೆಯುತ್ತದೆ. ಮಿಕ್ಸಿ ಹಾಕುವ 6 ಆಂಪಿಯರ್ ಸಾಕೆಟ್ ಇದಕ್ಕಲ್ಲ, ಗೀಸರ್‌ಗೆ ಕೊಡುವಂಥ 16 ಆಂಪಿಯರ್ ಪಾಯಿಂಟ್ ಬೇಕು. ಸಪೂರ ತಂತಿಯ ಎಕ್ಸ್‌ಟೆನ್ಷನ್ ಬೋರ್ಡ್ ಅಂತೂ ಬೇಡವೇ ಬೇಡ. ಹತ್ತು ನಿಮಿಷ ಓಡಿಸಿ, ಸ್ವಿಚ್ ಆರಿಸಿ, ಪ್ಲಗ್‌ನ ಪ್ಲಾಸ್ಟಿಕ್ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಸಾಕೆಟ್‌ನ ಹಿಡಿತ ಸಡಿಲಾಗಿದೆ, ಒಳಗೆ ಕಾಯಬೇಕಾದದ್ದು ಗೋಡೆಯಲ್ಲಿ ಕಾಯುತ್ತಿದೆ.

ವೋಲ್ಟೇಜ್ ಕುಸಿದರೆ ಶಾಖ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಇನ್ನೂ ಹೆಚ್ಚು ಇಳಿಯುತ್ತದೆ: ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. 230ರ ಜಾಗದಲ್ಲಿ 190 ವೋಲ್ಟ್ ಬಂದರೆ ನಿಮ್ಮ 1500 ವ್ಯಾಟ್ ಓವನ್ ಸಾವಿರದ ಆಸುಪಾಸಿಗೆ ಬರುತ್ತದೆ. ಸಂಜೆ ಕೈಕೊಡುವ ಓವನ್ ಮಧ್ಯಾಹ್ನ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ತಪ್ಪು ಓವನ್‌ನದಲ್ಲ.

ಇಷ್ಟಾದ ಮೇಲೆ ರಾಡ್‌ಗಳ ಸರದಿ. ಅಡುಗೆಮನೆಯ ದೀಪ ಆರಿಸಿ, ಉಷ್ಣಾಂಶವನ್ನು ಗರಿಷ್ಠಕ್ಕೆ ತಿರುಗಿಸಿ, ಮೊದಲು ಮೇಲಿನ ರಾಡ್‌ಗಳನ್ನಷ್ಟೇ ಹಾಕಿ, ಆಮೇಲೆ ಕೆಳಗಿನವನ್ನು. ಮೂರು ನಿಮಿಷದಲ್ಲಿ ಗಾಜಿನಾಚೆ ಕೆಂಪು ಕಾಣಬೇಕು. ಅನೇಕ ಓವನ್‌ಗಳಲ್ಲಿ ಒಂದು ಬದಿಯ ಎರಡು ರಾಡ್‌ಗಳು ಸರಣಿಯಲ್ಲಿ ಜೋಡಣೆಯಾಗಿರುತ್ತವೆ; ಒಂದು ಕಡಿದರೆ ಜೊತೆಗಾರನೂ ತಣ್ಣಗೆ. ಹಾಗಾಗಿ ಎರಡೂ ಕೆಟ್ಟಿವೆ ಎಂದು ಎರಡಕ್ಕೂ ದುಡ್ಡು ಸುರಿಯಬೇಡಿ. ಕೆಳಗಿನ ರಾಡ್ ಕೆಂಪಗಾದರೂ ಕೇಕಿನ ಬುಡ ಬೇಯುತ್ತಿಲ್ಲವೆಂದರೆ ಅಲ್ಯುಮಿನಿಯಂ ಫಾಯಿಲ್ ಹಾಸಿದ್ದೀರಾ, ಟ್ರೇ ಗೋಡೆಯಿಂದ ಗೋಡೆಗೆ ತುಂಬಿಕೊಂಡಿದೆಯಾ ನೋಡಿ. ಸುತ್ತ ಎರಡು ಬೆರಳಿನಷ್ಟು ಜಾಗ ಇರದಿದ್ದರೆ ಬಿಸಿಗಾಳಿ ಮೇಲೇರುವುದಿಲ್ಲ.

ರಾಡ್‌ಗಳೆಲ್ಲ ಉರಿಯುತ್ತಿವೆ, ಆದರೂ ಅಡುಗೆ ಕೆಡುತ್ತಿದೆ ಎಂದರೆ ಥರ್ಮೋಸ್ಟಾಟ್ (ಇಟ್ಟ ಡಿಗ್ರಿಗೆ ತಕ್ಕಂತೆ ರಾಡ್ ಹಾಕಿ ಆರಿಸುವ ಭಾಗ) ಸುಳ್ಳು ಹೇಳುತ್ತಿರಬಹುದು. ಓವನ್ ಥರ್ಮಾಮೀಟರ್ ಇಲ್ಲದಿದ್ದರೆ ಸಕ್ಕರೆ ಸಾಕು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಫಾಯಿಲ್‌ನಿಂದ ಪುಟ್ಟ ಬಟ್ಟಲು ಮಾಡಿ ಒಂದು ಚಮಚ ಹರಳು ಸಕ್ಕರೆ ಹರಡಿ. 175 ಡಿಗ್ರಿಗೆ ಇಟ್ಟು ಇಪ್ಪತ್ತು ನಿಮಿಷ ಖಾಲಿ ಓವನ್ ಕಾಯಿಸಿ, ಬಟ್ಟಲನ್ನು ನಡುವಿನ ಹಂತದ ಜಾಲರಿಯ ಮೇಲಿಟ್ಟು ಹದಿನೈದು ನಿಮಿಷ ಬಿಡಿ. ಹರಳು ಹರಳಾಗಿಯೇ ಇರಬೇಕು. ಹೊಸ ಸಕ್ಕರೆಯೊಂದಿಗೆ 195 ಡಿಗ್ರಿಯಲ್ಲಿ ಇದನ್ನೇ ಮಾಡಿದರೆ ಅಂಚು ಪಾಕವಾಗಿ ಹೊಂಬಣ್ಣಕ್ಕೆ ತಿರುಗಬೇಕು. ಆಗಲೂ ಕರಗದಿದ್ದರೆ ಹತ್ತತ್ತು ಡಿಗ್ರಿ ಏರಿಸುತ್ತ, ಕರಗಿದ ಜಾಗದಲ್ಲಿ ಗುಬ್ಬಿಯ ಪಕ್ಕ ಗುರುತು ಹಾಕಿ. ಇಪ್ಪತ್ತು ಡಿಗ್ರಿಯ ತಪ್ಪಿಗೆ ಥರ್ಮೋಸ್ಟಾಟ್ ಬದಲಿಸುವುದು ದಂಡ, ಗುರುತಿನ ಪ್ರಕಾರ ಇಟ್ಟರೆ ಆಯಿತು. ಆದರೆ 150ಕ್ಕೆ ಇಟ್ಟರೂ ರಾಡ್ ಒಮ್ಮೆಯೂ ಆರದೆ ಉರಿಯುತ್ತಲೇ ಇದ್ದರೆ ಅದರ ಕಾಂಟ್ಯಾಕ್ಟ್‌ಗಳು ಬೆಸೆದುಕೊಂಡಿವೆ. ಆ ಓವನ್ ಬಳಸಬೇಡಿ.

ಮುಚ್ಚಳ ಬಿಚ್ಚಲೇಬೇಕಾದರೆ ಪ್ಲಗ್ ಕಿತ್ತು ಒಂದು ಗಂಟೆ ಆರಲು ಬಿಡಿ. (ಮೈಕ್ರೋವೇವ್ ಇರುವ ಓವನ್ ಆಗಿದ್ದರೆ ಬಿಚ್ಚಲೇಬೇಡಿ, ಅದರ ಕೆಪ್ಯಾಸಿಟರ್ ಪ್ಲಗ್ ತೆಗೆದ ಮೇಲೂ ಪ್ರಾಣ ತೆಗೆಯಬಲ್ಲದು.) ವೈರ್‌ಗಳ ಫೋಟೊ ತೆಗೆದುಕೊಂಡು ಮಲ್ಟಿಮೀಟರನ್ನು 200 ಓಮ್‌ಗೆ ಇಡಿ. ಅಳೆಯುವ ರಾಡ್‌ನ ಒಂದು ತುದಿಯ ವೈರ್ ಕಳಚಿರಬೇಕು. 1500 ವ್ಯಾಟ್ ಓವನ್‌ನಲ್ಲಿ ಒಂದು ಬದಿಗೆ 750 ವ್ಯಾಟ್ ಎಂದಿಟ್ಟುಕೊಂಡರೆ ಆ ಜೋಡಿ ಸುಮಾರು 70 ಓಮ್ ತೋರಬೇಕು, ಸರಣಿಯಲ್ಲಿದ್ದರೆ ಒಂದೊಂದು ರಾಡ್ 35. ಮೀಟರ್ ಏನೂ ತೋರದಿದ್ದರೆ ರಾಡ್ ಕಡಿದಿದೆ.

ರಾಡ್ ಸರಿಯಿದ್ದರೆ ವೈರ್‌ನ ತುದಿಯ ಲಗ್‌ಗಳನ್ನು (ವೈರನ್ನು ಜೋಡಿಸುವ ಲೋಹದ ತುಣುಕುಗಳನ್ನು) ನೋಡಿ. ಕಪ್ಪಾಗಿ, ಪುಡಿಯಾಗಿ ಸಡಿಲಾದ ಲಗ್ ಸಿಕ್ಕರೆ ಕಳ್ಳ ಸಿಕ್ಕಂತೆಯೇ. ಹೊಸದನ್ನು ಕ್ರಿಂಪ್ ಮಾಡಿ, ಅಂದರೆ ಇಕ್ಕಳದಿಂದ ವೈರ್ ಮೇಲೆ ಒತ್ತಿ ಬಿಗಿಮಾಡಿ. ಸೀಸದ ಬೆಸುಗೆ ಆ ಬಿಸಿಗೆ ನಿಲ್ಲದು. ವೈರೂ ಫೈಬರ್‌ಗ್ಲಾಸ್ ಹೊದಿಕೆಯದೇ ಬೇಕು, ಮನೆ ವೈರಿಂಗಿನ ಪಿವಿಸಿ ಕರಗಿಹೋಗುತ್ತದೆ. ದಾರಿಯಲ್ಲಿ ಕಡ್ಡಿಯಂಥ ಪುಟ್ಟ ಲೋಹದ ಥರ್ಮಲ್ ಫ್ಯೂಸ್ (ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವಂಥದು) ಇದ್ದರೆ ಅದೂ ಸೊನ್ನೆಗೆ ಹತ್ತಿರದ ಓಮ್ ತೋರಬೇಕು. ಸುಟ್ಟಿದ್ದರೆ ಮೈಮೇಲೆ ಬರೆದ ಅದೇ ಡಿಗ್ರಿ, ಅದೇ ಆಂಪಿಯರ್‌ನದನ್ನು ಹಾಕಿ. ಅದನ್ನು ತಪ್ಪಿಸಿ ನೇರ ವೈರ್ ಕೊಡುವ ಮೆಕ್ಯಾನಿಕ್‌ಗೆ ಮತ್ತೆ ಕರೆ ಮಾಡಬೇಡಿ.

ಮಲೆನಾಡು, ಕರಾವಳಿಯವರಿಗೆ ಮಳೆಗಾಲದ ಕಾಟವೊಂದು ಹೆಚ್ಚು. ತಿಂಗಳುಗಟ್ಟಲೆ ಮುಚ್ಚಿಟ್ಟ ಓವನ್ ಹಾಕಿದೊಡನೆ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸುರಕ್ಷಾ ಸ್ವಿಚ್) ಟ್ರಿಪ್ ಆಗುತ್ತದೆ. ಸ್ಟೀಲ್ ರಾಡ್ ಒಳಗಿನ ಮೆಗ್ನೀಷಿಯಂ ಆಕ್ಸೈಡ್ ಪುಡಿ ತೇವ ಹೀರಿರುತ್ತದೆ. ಅರ್ತ್ ವೈರ್ ಕಿತ್ತರೆ ಟ್ರಿಪ್ ನಿಲ್ಲಬಹುದು, ಶಾಕ್ ಹೊಡೆಯುವುದು ಶುರುವಾಗುತ್ತದೆ. ರಾಡ್ ಕಳಚಿ, ಮೀಟರನ್ನು 20 ಮೆಗಾಓಮ್‌ಗೆ ಇಟ್ಟು ತುದಿಗೂ ಸ್ಟೀಲ್ ಮೈಗೂ ನಡುವೆ ಅಳೆಯಿರಿ. ಒಳ್ಳೆಯ ರಾಡ್‌ನಲ್ಲಿ ಯಾವ ಅಂಕಿಯೂ ಬರಬಾರದು. ಬಂದರೆ 120 ಡಿಗ್ರಿಯಲ್ಲಿ ಮೂರ್ನಾಲ್ಕು ಗಂಟೆ ಒಣಗಿಸಿ ಮತ್ತೆ ಅಳೆಯಿರಿ. ಅದಕ್ಕೆ ಪಕ್ಕದ ಮನೆಯ ಓವನ್ ಬೇಕು, ಬೇರೆ ದಾರಿಯಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಾಲು ಗಂಟೆ ಖಾಲಿ ಓಡಿಸುವವರಿಗೆ ಈ ತಾಪತ್ರಯ ಕಡಿಮೆ.

ಹೊಸ ರಾಡ್ ಹಾಕಿದ್ದರೆ ಮೊದಲ ಹತ್ತು ಹದಿನೈದು ನಿಮಿಷ ಕಿಟಕಿ ತೆರೆದು ಖಾಲಿ ಕಾಯಿಸಿ. ಹೊಗೆ, ಎಣ್ಣೆ ಸುಟ್ಟ ವಾಸನೆ ಬರುತ್ತದೆ, ಅದು ಕಾರ್ಖಾನೆಯ ಲೇಪ. ಎರಡನೇ ಸಲವೂ ಬಂದರೆ ಪ್ಲಗ್ ಕಿತ್ತು ಲಗ್‌ಗಳನ್ನು ಮತ್ತೊಮ್ಮೆ ನೋಡಿ.